ಯೇಸುವನ್ನು ಕೊಂದವರು ಯಾರು? ಮರಣದಂಡನೆ ಕೊಟ್ಟ ರೋಮಿನ ರಾಜ್ಯಪಾಲ ಪಿಲಾತ, ಈ ರಕ್ತಕ್ಕೆ ನಾನು ಹೊಣೆಯಲ್ಲ ಅಂತ ಕೈ ತೊಳೆದುಕೊಂಡ, ಸರಿ. ಆಮೇಲೆ?

ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ತಪ್ಪಲಲ್ಲಿ, ಓಬರ್‌ಅಮ್ಮರ್‌ಗಾವ್ ಎಂಬ ಊರಿದೆ. 1633ರಲ್ಲಿ ಪ್ಲೇಗ್ ಬಂದಾಗ ಊರಿನವರು ಹರಕೆ ಹೊತ್ತರಂತೆ: ಈ ಮಾರಿ ತೊಲಗಿದರೆ ಯೇಸುವಿನ ಯಾತನೆ ಮತ್ತು ಮರಣದ ನಾಟಕವನ್ನು ಹತ್ತು ವರ್ಷಕ್ಕೊಮ್ಮೆ ಆಡುತ್ತೇವೆ ಅಂತ. 1634ರಲ್ಲಿ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ. 2020ರಲ್ಲಿ ಆಗಬೇಕಿದ್ದ ಆಟ ಕೊರೋನಾದಿಂದ 2022ಕ್ಕೆ ಹೋಯಿತು. ಪ್ಲೇಗಿಗೆ ಹೊತ್ತ ಹರಕೆ ಇನ್ನೊಂದು ಸಾಂಕ್ರಾಮಿಕದಿಂದ ಮುಂದೂಡಿದ್ದು ನೋಡಿ!

ಆ ಬೇಸಿಗೆಯಲ್ಲಿ ಮ್ಯೂನಿಕ್‌ನಿಂದ ರೈಲು ಹತ್ತಿ ನಾವು ಮೂವರು ಹೋಗಿದ್ದೆವು. ನಾನು, ಮಂಗಳೂರು ಕಡೆಯ ಕ್ಯಾಥೊಲಿಕ್. ಟರ್ಕಿ ಮೂಲದ ನನ್ನ ಆಫೀಸಿನ ಗೆಳೆಯ. ಟಿಕೆಟ್ ಹೊಂದಿಸಿಕೊಟ್ಟ ನಮ್ಮ ಮನೆ ಓನರ್ ಅಜ್ಜಿ.

ನಾಟಕ ಮಧ್ಯಾಹ್ನ ಶುರುವಾದರೆ ಮುಗಿಯುವುದು ರಾತ್ರಿ. ನಡುವೆ ಊಟಕ್ಕೆ ಮೂರು ಗಂಟೆ ಬಿಡುವು. ಪಾತ್ರ ಸಿಗಬೇಕಾದರೆ ಆ ಊರಲ್ಲೇ ಹುಟ್ಟಿರಬೇಕು, ಇಲ್ಲವೇ ಇಪ್ಪತ್ತು ವರ್ಷ ಅಲ್ಲಿ ಬಾಳಿರಬೇಕು. ಗಂಡಸರು ಒಂದು ವರ್ಷಕ್ಕೂ ಮೊದಲಿಂದಲೇ ಕೂದಲು, ಗಡ್ಡ ಬಿಡುತ್ತಾರೆ. ಪ್ರೇಕ್ಷಕರಿಗೆ ಚಾವಣಿ ಇದೆ, ರಂಗಕ್ಕೆ ಇಲ್ಲ. ಸಂಜೆಯಾದ ಮೇಲೆ ಚಳಿ ಅಂದ್ರೆ ಚಳಿ. ಅಜ್ಜಿ ಮೂವರಿಗೂ ಕಂಬಳಿ ತಂದಿದ್ದರು.

ನಾನು ಕಾಯುತ್ತಿದ್ದದ್ದು ಯೇಸುವಿನ ವಿಚಾರಣೆಯ ದೃಶ್ಯಕ್ಕೆ. ನಮ್ಮೂರ ಇಗರ್ಜಿಯಲ್ಲಿ ಶುಭ ಶುಕ್ರವಾರ, ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋವಾನ್ನನ ಸುವಾರ್ತೆಯಿಂದ ಯಾತನೆಯ ಭಾಗ ಓದುತ್ತಾರೆ. ಯೇಸುವಿನ ಮಾತು ಪಾದ್ರಿಯದ್ದು, ಗುಂಪಿನ ಮಾತು ನಮ್ಮದು. ‘ಅವನನ್ನು ಶಿಲುಬೆಗೆ ಹಾಕಿಸು’ ಅಂತ ಚಿಕ್ಕವನಿದ್ದಾಗ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಓದಿನ ತುಂಬ ‘ಯೆಹೂದ್ಯರು, ಯೆಹೂದ್ಯರು’ ಅಂತ ಬರುತ್ತದೆ. ಆದರೆ ನಮ್ಮೂರಲ್ಲಿ ಒಬ್ಬ ಯೆಹೂದ್ಯನನ್ನೂ ಯಾರೂ ಕಂಡಿರಲಿಲ್ಲ. ಹಾಗಾಗಿ ಅದು ಯಾರಿಗೂ ಚುಚ್ಚುತ್ತಿರಲಿಲ್ಲ.

ಜರ್ಮನಿಯಲ್ಲಿ ಅದು ಹಾಗಲ್ಲ. ಅಜ್ಜಿ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಇದೇ ನಾಟಕ ನೋಡಿದ್ದರಂತೆ. ಆಗ ಇಡೀ ಗುಂಪು ಒಂದೇ ದನಿಯಲ್ಲಿ ‘ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ’ ಎನ್ನುತ್ತಿತ್ತು. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನಲ್ಲಿ ಮಾತ್ರ ಇರುವ ಮಾತು ಇದು. ಇದೊಂದು ಸಾಲನ್ನು ಹಿಡಿದುಕೊಂಡು ಯುರೋಪಿನಲ್ಲಿ ಶತಮಾನಗಟ್ಟಲೆ ಯೆಹೂದ್ಯರನ್ನು ‘ದೇವರನ್ನು ಕೊಂದವರು’ ಅಂತ ಕರೆದರು, ಹೊಡೆದರು, ಊರು ಬಿಡಿಸಿದರು. 1934ರಲ್ಲಿ, ನಾಟಕಕ್ಕೆ 300 ವರ್ಷ ತುಂಬಿದಾಗ, ಹಿಟ್ಲರ್ ಬಂದು ನೋಡಿದ. 1942ರಲ್ಲಿ ತನ್ನವರ ಜೊತೆ ಮಾತಾಡುತ್ತಾ, ಈ ನಾಟಕ ಮುಂದುವರಿಯಲೇಬೇಕು ಎಂದ. ಅವನು ಅದರಲ್ಲಿ ಹೊಗಳಿದ ಪಾತ್ರ ಯಾವುದು ಗೊತ್ತಾ? ಪಿಲಾತ.

ಕ್ಯಾಥೊಲಿಕ್ ಧರ್ಮಸಭೆ ತನ್ನ ಮಾತು ಸ್ಪಷ್ಟಪಡಿಸಿದ್ದು 1965ರಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಯೇಸುವಿನ ಸಾವಿನ ಹೊಣೆಯನ್ನು ಆಗ ಬದುಕಿದ್ದ ಎಲ್ಲ ಯೆಹೂದ್ಯರ ಮೇಲೂ ಹೊರಿಸುವಂತಿಲ್ಲ, ಇಂದಿನವರ ಮೇಲಂತೂ ಅಲ್ಲ ಅಂತ. ಆದರೂ 1970ರಲ್ಲಿ ಈ ಊರು ಹಳೆಯ ಪಠ್ಯವನ್ನೇ ಆಡಿತು. ಅಮೆರಿಕದ ಯೆಹೂದಿ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ನಿಜವಾದ ಬದಲಾವಣೆ ಬಂದದ್ದು ಕ್ರಿಸ್ಟಿಯಾನ್ ಷ್ಟ್ಯೂಕ್ಲ್ ನಿರ್ದೇಶಕನಾದ ಮೇಲೆ. ರಕ್ತದ ಆ ಸಾಲು 2000ದಲ್ಲಿ ಪೂರ್ತಿ ಹೋಯಿತು.

ನಾವು ನೋಡಿದ ನಾಟಕದಲ್ಲಿ ಯೇಸು ಎದ್ದು ಕಾಣುವಷ್ಟು ಯೆಹೂದ್ಯ. ಯೆಹೂದ್ಯರ ಧರ್ಮಗ್ರಂಥ ತೋರಾದ ಸುರುಳಿ ಎತ್ತಿ ಹಿಡಿಯುತ್ತಾನೆ, ಜನರೊಂದಿಗೆ ಹೀಬ್ರೂನಲ್ಲಿ ‘ಶೆಮಾ ಯಿಸ್ರಾಯೇಲ್’ ಎಂಬ ಅವರ ಪ್ರಾರ್ಥನೆ ಹಾಡುತ್ತಾನೆ. ಯೆಹೂದ್ಯರ ಮಹಾಯಾಜಕ ಕಾಯಫನ ಸಭೆಯಲ್ಲಿ ಯೇಸುವಿನ ಪರ ನಿಂತವರು ಜಗಳಕ್ಕೇ ಇಳಿಯುತ್ತಾರೆ. ಗುಂಪಿನಲ್ಲೂ ಎರಡು ಪಕ್ಷ. ಪಿಲಾತ ಮಾತ್ರ ಅಳುಕುವ ನ್ಯಾಯಾಧೀಶ ಅಲ್ಲವೇ ಅಲ್ಲ, ಒರಟ, ಬೆದರಿಸುವವ. ಅಜ್ಜಿಗೆ ಇದು ಸರಿಬರಲಿಲ್ಲ. ‘ನಮ್ಮ ಕಾಲದ ಪಿಲಾತ ಒಳ್ಳೆಯವನಿದ್ದ, ಕೊಲ್ಲಿಸಲು ಅವನಿಗೆ ಮನಸ್ಸಿರಲಿಲ್ಲ’ ಎಂದರು.

ನನಗೋ, ಈ ಹೊಸ ಪಿಲಾತನೇ ನಿಜಕ್ಕೆ ಹತ್ತಿರ ಅನ್ನಿಸುತ್ತದೆ. ಶಿಲುಬೆ ರೋಮಿನ ಶಿಕ್ಷೆ. ಹೊಡೆದವರು ರೋಮಿನ ಸೈನಿಕರು. ತಲೆಯ ಮೇಲಿನ ಫಲಕದಲ್ಲಿದ್ದ ‘ಯೆಹೂದ್ಯರ ಅರಸ’ ಎಂಬುದು ರಾಜದ್ರೋಹದ ಆರೋಪ. ಇತಿಹಾಸಕಾರ ಜೋಸೆಫಸ್ ಹೇಳುವ ಪಿಲಾತ ದೇವಾಲಯದ ಹಣ ತೆಗೆದು ನೀರಿನ ಕಾಲುವೆ ಕಟ್ಟಿಸಿದವನು, ಪ್ರತಿಭಟಿಸಿದವರನ್ನು ದೊಣ್ಣೆಗಳಿಂದ ಹೊಡೆಸಿ ಕೊಂದವನು. ಸಮಾರ್ಯ ಸೀಮೆಯ ಜನರನ್ನು ಕೊಲ್ಲಿಸಿದ್ದಕ್ಕೆ ಕೊನೆಗೆ ಅವನ ಅಧಿಕಾರವೇ ಹೋಯಿತು. ಇಂಥವನು ಒಂದು ಗುಂಪಿನ ಕೂಗಿಗೆ ಹೆದರಿ ಕೈ ತೊಳೆದುಕೊಂಡನೇ? ಜೆರುಸಲೇಮ್ ದೇವಾಲಯವನ್ನು ರೋಮನ್ನರು ಸುಟ್ಟದ್ದು ಕ್ರಿ.ಶ. 70ರಲ್ಲಿ. ಮತ್ತಾಯನ ಸುವಾರ್ತೆ ಅದರ ನಂತರದ್ದು ಎನ್ನುವುದು ಹೆಚ್ಚಿನ ವಿದ್ವಾಂಸರ ಎಣಿಕೆ. ರೋಮಿನ ಆಳ್ವಿಕೆಯಲ್ಲೇ ಬಾಳಬೇಕಿದ್ದವರು ರೋಮಿನ ಅಧಿಕಾರಿಯನ್ನು ಕೊಲೆಗಾರ ಅಂತ ಬರೆಯುವುದು ಸುಲಭವಿತ್ತೇ? ಕಾಯಫ ಶುದ್ಧ ಅಂತ ನಾನು ಹೇಳುತ್ತಿಲ್ಲ. ಅವನ ಕೈವಾಡವೂ ಇದ್ದಿರಬೇಕು. ಆದರೆ ಅವನನ್ನು ಮಹಾಯಾಜಕನನ್ನಾಗಿ ನೇಮಿಸಿದ್ದೂ ರೋಮಿನ ರಾಜ್ಯಪಾಲನೇ.

ವಾಪಸ್ ಬರುವಾಗ ಗೆಳೆಯ ನಗುತ್ತಿದ್ದ. ಆ ಸಲ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಪಾತ್ರಕ್ಕೆ ಆರಿಸಿದ ಇಬ್ಬರಲ್ಲಿ ಒಬ್ಬ ಟರ್ಕಿ ಮೂಲದ ಮುಸ್ಲಿಂ ಹುಡುಗ. ‘ನಮ್ಮವನಿಗೆ ಆ ಪಾತ್ರವೇ ಬೇಕಿತ್ತಾ!’ ಎಂದ. ಎರಡನೇ ನಿರ್ದೇಶಕನೂ ಮುಸ್ಲಿಂ ಅಂತ ನಾನು ಸಮಾಧಾನ ಹೇಳಿದೆ. ‘ನೀವು ಸುಮ್ನೆ ಯಾರು ಕೊಂದದ್ದು ಅಂತ ಜಗಳ ಆಡ್ತೀರಿ. ನಮ್ಮ ಕುರಾನ್ ಪ್ರಕಾರ ಈಸಾನನ್ನು, ಅಂದ್ರೆ ನಿಮ್ಮ ಯೇಸುವನ್ನು, ಯಾರೂ ಕೊಂದೇ ಇಲ್ಲ, ಶಿಲುಬೆಗೂ ಹಾಕಿಲ್ಲ. ಹಾಗೆ ಕಾಣಿಸಿತು ಅಷ್ಟೇ. ಅಲ್ಲಾಹ್ ಅವನನ್ನು ಮೇಲಕ್ಕೆ ಎತ್ತಿಕೊಂಡ’ ಎಂದ. ಈಸಾನ ಬದಲಿಗೆ ಶಿಲುಬೆಗೇರಿದವನು ಯೂದನೇ ಎನ್ನುವವರೂ ಅವರಲ್ಲಿದ್ದಾರಂತೆ. ಅಜ್ಜಿ ಕಣ್ಣು ಮುಚ್ಚಿಯೇ ಕೇಳುತ್ತಿದ್ದವರು, ‘ಹಾಗಾದರೆ ಇಷ್ಟು ಹೊತ್ತು ಚಳಿಯಲ್ಲಿ ಯಾಕೆ ಕೂತಿದ್ದೆ?’ ಎಂದು ಕೇಳಿಯೇಬಿಟ್ಟರು. ‘ನಾಟಕ ಚೆನ್ನಾಗಿತ್ತಲ್ಲ’ ಅಂದ.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರಿಗೆ ಇದು ಪ್ರಶ್ನೆಯೇ ಅಲ್ಲ. ‘ನಮ್ಮ ಪಾಪಕ್ಕೆ ಸತ್ತದ್ದು. ಮತ್ತೆ ಗುಂಪಿನ ಮಾತನ್ನು ನಮ್ಮ ಹತ್ತಿರ ಯಾಕೆ ಹೇಳಿಸ್ತಾರೆ ಅಂದುಕೊಂಡೆ?’ ಎಂದರು. ನಾನು ಬಿಡದೆ ಪಿಲಾತನ ಸುದ್ದಿ ತೆಗೆದೆ. ಎಲ್ಲರೂ ಅವನನ್ನು ಸುಲಭಕ್ಕೆ ಬಿಟ್ಟುಬಿಡ್ತಾರಮ್ಮ ಎಂದೆ.

‘ಎಲ್ಲಿ ಬಿಟ್ಟಿದ್ದೇವೆ ಮಗಾ? ಪ್ರತಿ ಭಾನುವಾರ ಪೂಜೆಯಲ್ಲಿ ವಿಶ್ವಾಸದ ಪ್ರಾರ್ಥನೆ ಹೇಳುವಾಗ ಕಾಯಫನ ಹೆಸರು ಬರ್ತದಾ? ಯೂದನದ್ದು? ಮರಿಯಮ್ಮನವರದ್ದು ಬಿಟ್ಟರೆ ಪಿಲಾತನದ್ದೊಂದೇ’ ಎಂದರು. ನಾನು ಏನಾದರೂ ಹೇಳುವ ಮೊದಲೇ, ನೀನು ಈ ಭಾನುವಾರ ಪೂಜೆಗೆ ಹೋಗಿದ್ದೀಯಾ ಇಲ್ಲವಾ ಅಂತ ಕೇಳಿದರು.