ಹಳೇ ಪಿಕಪ್‌ಗೆ ಹೊಸ ವೈರಿಂಗ್ ಹಾಕಿದ್ದು

ಹಳೇ ಪಿಕಪ್‌ನಲ್ಲಿ ಹೆಡ್‌ಲೈಟ್ ಮಂಕಾದರೆ ಎಲ್ಲರ ಕೈಯೂ ಮೊದಲು ಬಲ್ಬಿಗೆ ಹೋಗುತ್ತದೆ. ಬಲ್ಬ್ ಆಯ್ತು, ಆಮೇಲೆ ಬ್ಯಾಟರಿ, ಆಮೇಲೆ ಆಲ್ಟರ್ನೇಟರ್. ನಮ್ಮ ಗಾಡಿಗೂ ಇದೆಲ್ಲ ಆಗಿತ್ತು. ಹೊಸ ಬಲ್ಬ್ ಹಾಕಿದರೂ ಅದೇ ಕಳೆಗುಂದಿದ ಹಳದಿ ಬೆಳಕು. ಜತೆಗೆ ಇನ್ನೊಂದು ವಿಚಿತ್ರ. ನಾನು ಒಳಗೆ ಕೂತು ಬ್ರೇಕ್ ಒತ್ತಿದಾಗ ಹಿಂದೆ ನಿಂತಿದ್ದ ತಮ್ಮ, "ಅಣ್ಣಾ, ಇಂಡಿಕೇಟರ್ ಹಾಕಿದ್ಯಾ?" ಅಂದ. ಹಾಕಿರಲಿಲ್ಲ. ಆದರೂ ಅದು ಸಣ್ಣಗೆ ಉರಿಯುತ್ತಿತ್ತು.

ಇಂಡಿಕೇಟರ್ ವಿಷಯ ಬೇಗ ಮುಗಿಯಿತು, ಅದು ಅರ್ಥ್ ತೊಂದರೆ. ಬಲ್ಬಿಗೆ ಬಂದ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಬೇಕು. ಆ ದಾರಿ ಕೆಟ್ಟರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ, ಪಕ್ಕದ ಇಂಡಿಕೇಟರ್ ಬಲ್ಬಿನ ಫಿಲಮೆಂಟ್ ದಾಟಿ, ಅದರ ವೈರ್ ಹಿಡಿದು ಮುಂದಿನ ಇಂಡಿಕೇಟರ್ ಬಲ್ಬಿನವರೆಗೂ ಹೋಗಿ ಅಲ್ಲಿನ ಅರ್ಥ್ ಸೇರುತ್ತದೆ. ಹಿಂದಿನ ಲ್ಯಾಂಪಿನ ಅರ್ಥ್ ಬೋಲ್ಟ್ ಬಿಚ್ಚಿದರೆ ಲಗ್ (ವೈರ್ ತುದಿಯ ಲೋಹದ ಬಳೆ) ಕೆಳಗೆ ಪೇಂಟ್, ಪೇಂಟ್ ಕೆಳಗೆ ತುಕ್ಕು. ಬರೀ ಲೋಹ ಕಾಣುವ ತನಕ ಕೆರೆದು, ಹೊಸ ಲಗ್ ಹಾಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಸರಿಹೋಯಿತು.

ಹೆಡ್‌ಲೈಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಲ್ಬಿನ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಬ್ಯಾಟರಿಯಲ್ಲಿದ್ದಷ್ಟೇ ವೋಲ್ಟೇಜ್ ಅಲ್ಲೂ ತೋರಿಸುತ್ತಿತ್ತು. ಇಲ್ಲೇ ತುಂಬಾ ಜನ "ವೈರಿಂಗ್ ಸರಿಯಾಗಿದೆ" ಅಂತ ತೀರ್ಮಾನಕ್ಕೆ ಬರುತ್ತಾರೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಮ್ಮಿ. ವೈರಿನೊಳಗೆ ಹತ್ತೊಂಬತ್ತು ಎಳೆಗಳಿದ್ದು ಹದಿನೆಂಟು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅಳೆಯಬೇಕಾದ್ದು ಬಲ್ಬ್ ಉರಿಯುತ್ತಿರುವಾಗ. ಹಾಗಾಗಿ ಕಪ್ಲರ್ ಮತ್ತೆ ಹಾಕಿ, ಅದರ ಹಿಂಭಾಗದಿಂದ ಪ್ರೋಬ್ ತೂರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ ನೋಡಿದೆ. ಬ್ಯಾಟರಿಯಲ್ಲಿ 14.1 ವೋಲ್ಟ್. ಬಲ್ಬಿನ ಹತ್ತಿರ 11.2. ಮಧ್ಯದಲ್ಲಿ 2.9 ವೋಲ್ಟ್ ಕಾಣೆ!

ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 15ರಷ್ಟು ಕಮ್ಮಿಯಾದರೆ ಬೆಳಕು ಶೇಕಡಾ 40ಕ್ಕಿಂತ ಜಾಸ್ತಿ ಇಳಿಯುತ್ತದೆ. ಆದರೆ ನನಗೆ ಬೆಳಕಿಗಿಂತ ಹೆಚ್ಚು ಚಿಂತೆ ಆದದ್ದು ಆ ಕಾಣೆಯಾದ 2.9 ವೋಲ್ಟ್ ಎಲ್ಲಿ ಖರ್ಚಾಗುತ್ತಿದೆ ಅನ್ನುವುದು. 55 ವಾಟಿನ ಎರಡು ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. 2.9 ಗುಣಿಸು 9 ಅಂದರೆ ಹತ್ತತ್ರ 26 ವಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಆನ್ ಮಾಡಿ ವೈರಿನ ಕಟ್ಟಿನೊಳಗೆ ಬಿಟ್ಟ ಹಾಗೆ, ಅಲ್ವಾ? ಮತ್ತೆ ಇದಕ್ಕೆ ಫ್ಯೂಸ್ ಹೋಗುವುದೇ ಇಲ್ಲ. ಫ್ಯೂಸ್ ಸುಡುವುದು ಕರೆಂಟ್ ಮಿತಿ ದಾಟಿದಾಗ. ಕೆಟ್ಟ ಜಾಯಿಂಟ್ ಕರೆಂಟನ್ನು ಹೆಚ್ಚಿಸುವುದಿಲ್ಲ, ಕಮ್ಮಿ ಮಾಡುತ್ತದೆ. ಫ್ಯೂಸ್ ಅರಾಮಾಗಿ ಕೂತಿರುತ್ತದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಕರಗುತ್ತಿರುತ್ತದೆ. ಹೆಡ್‌ಲೈಟ್ ಸ್ವಿಚ್ಚಿನ ಕಪ್ಲರ್ ಎಳೆದು ನೋಡಿದರೆ ಒಂದು ಟರ್ಮಿನಲ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಬ್ಯಾಟರಿ ವೈರ್ ಬಿಚ್ಚಿ, ಇಂಜಿನ್ ಪಕ್ಕದಲ್ಲಿ ಹಾದುಹೋಗುವ ಕಟ್ಟಿನ ಟೇಪ್ ಬಿಡಿಸಿದೆ. (ಬಿಚ್ಚುವಾಗ ಮೈನಸ್ ಮೊದಲು. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ಶಾರ್ಟ್.) ಹಳೇ ಟೇಪಿನ ಅಂಟು ಶಾಖಕ್ಕೆ ಕರಗಿ ವೈರುಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಒಂದು ವೈರ್ ಬೆರಳಲ್ಲಿ ಬಗ್ಗಿಸಿದೆ, ಮೇಲಿನ ಪಿವಿಸಿ ಟಪ್ ಅಂತ ಒಡೆದು ಚೂರಾಗಿ ಉದುರಿತು. ಪಿವಿಸಿಯನ್ನು ಮೆತ್ತಗೆ ಇಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ಶಾಖಕ್ಕೆ ಆರಿಹೋಗಿರುತ್ತದೆ. ಒಳಗೆ ತಾಮ್ರ ಕೆಂಪಗಿರಲಿಲ್ಲ. ತುದಿಯಲ್ಲಿ ಹಸಿರು ಕಿಲುಬು, ಒಳಕ್ಕೆ ಹೋದಂತೆ ಕಪ್ಪು. ಟರ್ಮಿನಲ್ ಹತ್ತಿರದ ನೀರನ್ನು ಎಳೆಗಳು ತಮ್ಮ ಸಂದಿಯಲ್ಲಿ ಹೀರಿಕೊಂಡು ಒಳಗೆ ಸಾಗಿಸುತ್ತವೆ. ಅದಕ್ಕೇ ತುದಿ ಕತ್ತರಿಸಿ ಹೊಸ ಟರ್ಮಿನಲ್ ಹಾಕಿದರೆ ಸಾಕಾಗುವುದಿಲ್ಲ. ಗೇಣುದ್ದ ಸುಲಿದರೂ ಹೊಳೆಯುವ ತಾಮ್ರ ಸಿಗಲಿಲ್ಲ. ಅಲ್ಲಲ್ಲಿ ತೇಪೆ ಹಾಕುವ ಯೋಚನೆ ಬಿಟ್ಟು, ಫೈರ್‌ವಾಲ್‌ನಿಂದ ಅಂದರೆ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯಿಂದ, ಮುಂದಕ್ಕಿರುವ ಭಾಗ ಪೂರ್ತಿ ಹೊಸದಾಗಿ ಕಟ್ಟುವುದು ಅಂತ ನಿರ್ಧರಿಸಿದೆ.

ಹಳೇ ಗಾಡಿಗೆ ಕಂಪನಿಯ ವೈರಿಂಗ್ ಎಷ್ಟೋ ಸಲ ಸಿಗುವುದಿಲ್ಲ. ಎಲ್ಲ ಗಾಡಿಗೂ ಆಗುವಂಥ ಕಿಟ್ ಸಿಗುತ್ತದೆ, ಆದರೆ ಬಣ್ಣ ಬೇರೆ, ಉದ್ದ ಬೇರೆ, ನಾಳೆ ಏನಾದರೂ ಕೆಟ್ಟರೆ ಗಾಡಿಯ ನಕ್ಷೆ ಇಟ್ಟುಕೊಂಡು ಹುಡುಕಲು ಆಗುವುದಿಲ್ಲ. ನಾನು ಬಣ್ಣದ ವಿಷಯದಲ್ಲಿ ಪಟ್ಟು ಬಿಡಲಿಲ್ಲ. ಪಟ್ಟೆ ಇರುವ ವೈರಿಗೆ ಪಟ್ಟೆ ಇರುವುದೇ ಹಾಕಿದೆ. ಮುಂದೆ ಈ ಗಾಡಿ ಬಿಚ್ಚುವವರು ಯಾರೋ ಏನೋ, ಅವರಿಗೆ ಎಲ್ಲ ಕಡೆ ಒಂದೇ ಕೆಂಪು ವೈರ್ ಕಂಡರೆ ಏನು ಗತಿ?

ಹಳೆಯದನ್ನು ತೆಗೆಯುವ ಮೊದಲು ಎಲ್ಲ ಕಡೆಯಿಂದ ಫೋಟೊ, ಪ್ರತಿ ಕಪ್ಲರ್‌ಗೂ ಚೀಟಿ. ಆಮೇಲೆ ಇಡೀ ಕಟ್ಟನ್ನು ಪ್ಲೈವುಡ್ ಹಲಗೆ ಮೇಲೆ ಹರಡಿ, ಕವಲು ಒಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದರ ಆಕಾರವನ್ನು ಹಲಗೆಗೆ ಇಳಿಸಿದೆ. ಕಾರ್ಖಾನೆಯಲ್ಲೂ ಹೀಗೇ, ದೊಡ್ಡ ಹಲಗೆ ಮೇಲೆ ಗೂಟಗಳ ನಡುವೆ ವೈರ್ ಹಾಸಿ ಬಹುಪಾಲು ಕೈಯಲ್ಲೇ ಕಟ್ಟುತ್ತಾರೆ. ಮೊಳೆಗಳ ಮಧ್ಯೆ ಒಂದೊಂದೇ ಹೊಸ ವೈರ್ ಎಳೆಯುತ್ತಾ ಹೋದಾಗ ಈ ಕೆಲಸ ನನಗೆ ನಿಜವಾಗಿ ಇಷ್ಟವಾಯಿತು. ಯಾವ ವೈರ್ ಎಲ್ಲಿಂದ ಎಲ್ಲಿಗೆ, ಯಾಕೆ ಅಷ್ಟು ದಪ್ಪ ಅನ್ನುವುದೆಲ್ಲ ಕೈಗೇ ಗೊತ್ತಾಗುತ್ತದೆ.

ಜಾಯಿಂಟ್‌ಗೆ ಸೋಲ್ಡರ್ ಮಾಡಲಿಲ್ಲ. ಸೋಲ್ಡರ್ ಎಳೆಗಳ ಮಧ್ಯೆ ಇಳಿದು ಗಟ್ಟಿಯಾಗುತ್ತದೆ, ಆ ಗಟ್ಟಿ ಭಾಗ ಮುಗಿದು ಮೆತ್ತನೆಯ ವೈರ್ ಶುರುವಾಗುವ ಕಡೆ, ಗಾಡಿ ಅದುರಿ ಅದುರಿ ಎಳೆಗಳು ಮುರಿಯುತ್ತವೆ. ಒಳ್ಳೆ ಟೂಲಿನಿಂದ ಕ್ರಿಂಪ್ ಮಾಡುವುದೇ, ಅಂದರೆ ಟರ್ಮಿನಲ್ಲನ್ನು ವೈರಿನ ಮೇಲೆ ಒತ್ತಿ ಬಿಗಿಯುವುದೇ, ಸರಿ. ಟರ್ಮಿನಲ್‌ಗೆ ಎರಡು ಜೊತೆ ರೆಕ್ಕೆ ಇರುತ್ತವೆ, ಒಂದು ಜೊತೆ ತಾಮ್ರವನ್ನು ಹಿಡಿಯಬೇಕು, ಇನ್ನೊಂದು ಮೇಲಿನ ಪ್ಲಾಸ್ಟಿಕ್ಕನ್ನು. ಪ್ಲಾಸ್ಟಿಕ್ ಹಿಡಿಯುವ ಜೊತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಎಳೆತ ಅದುರಾಟ ಎಲ್ಲ ತಡೆದುಕೊಳ್ಳುವುದು ಅದೇ. ಪ್ರತಿಯೊಂದನ್ನೂ ಕೈಯಲ್ಲಿ ಎಳೆದು ನೋಡಿದೆ. ಮಧ್ಯದ ಜಾಯಿಂಟ್‌ಗಳಿಗೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಅದು ಬಿಸಿಗೆ ಕುಗ್ಗುವಾಗ ಅಂಟು ಕರಗಿ ನೀರು ಹೋಗುವ ದಾರಿ ಮುಚ್ಚುತ್ತದೆ.

ಹೆಡ್‌ಲೈಟಿಗೆ ಈ ಸಲ ರಿಲೇ ಸೇರಿಸಿದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ ಅದು. ಮೊದಲು ಪೂರ್ತಿ 9 ಆಂಪಿಯರ್ ಡ್ಯಾಶ್‌ಬೋರ್ಡಿನ ಸ್ವಿಚ್ ಒಳಗೇ ಹಾದುಹೋಗುತ್ತಿತ್ತು. ಈಗ ಸ್ವಿಚ್ಚಿನ ಕರೆಂಟ್ ಹೋಗುವುದು ರಿಲೇಯ 85, 86 ನಂಬರಿನ ಪಿನ್‌ಗಳ ನಡುವಿನ ಸುರುಳಿಗೆ ಮಾತ್ರ, ಅದು ಒಂದು ಆಂಪಿಯರಿನ ಕಾಲು ಭಾಗವೂ ಇಲ್ಲ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ ಬಂದು 87ರಿಂದ ನೇರ ಬಲ್ಬಿಗೆ. ಹೈ ಬೀಮಿಗೆ ಒಂದು ರಿಲೇ, ಲೋ ಬೀಮಿಗೆ ಒಂದು. ಕಂದಾಗಿದ್ದ ಕಪ್ಲರ್ ಕೂಡ ಬದಲಾಯಿಸಿದೆ. ಬ್ಯಾಟರಿ ಹತ್ತಿರ ಇದ್ದ ಫ್ಯೂಸಿಬಲ್ ಲಿಂಕಿಗೆ ಮಾಮೂಲಿ ವೈರ್ ಹಾಕಿಬಿಡುವ ಅಭ್ಯಾಸ ಹಲವು ಕಡೆ ಇದೆ, ದಯವಿಟ್ಟು ಬೇಡ. ಅದು ಶಾರ್ಟ್ ಆದಾಗ ತಾನು ಸುಟ್ಟುಹೋಗಿ ಉಳಿದದ್ದನ್ನು ಉಳಿಸಲೆಂದೇ ಬೇಕಂತಲೇ ಸಣ್ಣದಾಗಿ ಮಾಡಿದ ವೈರ್, ಅದರ ಹೊದಿಕೆಯೂ ಬೇರೆ.

ಗಾಡಿಗೆ ಕೂರಿಸುವಾಗ ಸಮಯ ಹಿಡಿದದ್ದು ದಾರಿ ಮಾಡುವುದಕ್ಕೆ. ಎಕ್ಸಾಸ್ಟ್‌ನಿಂದ ದೂರ ಇರಬೇಕು. ಇಂಜಿನ್ ತನ್ನ ಮೌಂಟಿಂಗ್ ಮೇಲೆ ಅಲ್ಲಾಡುವುದರಿಂದ, ಬಾಡಿಯಿಂದ ಇಂಜಿನ್‌ಗೆ ಹೋಗುವ ಕಡೆ ಸ್ವಲ್ಪ ಸಡಿಲ ಬಿಡಬೇಕು. ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ವೈರನ್ನು ನಿಧಾನಕ್ಕೆ ಕೊಯ್ಯುತ್ತದೆ. ಮೇಲೆ ಬಟ್ಟೆ ಟೇಪ್, ಅದರ ಮೇಲೆ ಸುಕ್ಕು ಪೈಪ್, ಪೈಪಿನ ಸೀಳು ಕೆಳಮುಖ, ನೀರು ಒಳಗೆ ನಿಲ್ಲದ ಹಾಗೆ. ಇಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯನ್ನೂ ಹೊಸದು ಹಾಕಿದೆ.

ಬ್ಯಾಟರಿ ಜೋಡಿಸುವ ಮೊದಲು ಮೈನಸ್ ಕಡೆ ಸಾಲಾಗಿ ಒಂದು ಟೆಸ್ಟ್ ಲ್ಯಾಂಪ್ ಇಟ್ಟೆ, ಎಲ್ಲಾದರೂ ಶಾರ್ಟ್ ಇದ್ದರೆ ಅದು ಜೋರಾಗಿ ಉರಿಯುತ್ತದೆ, ವೈರ್ ಉಳಿಯುತ್ತದೆ. ಉರಿಯಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಲೈಟ್ ಹಾಕಿ ಮತ್ತೆ ಅಳೆದೆ: ಬ್ಯಾಟರಿಯಲ್ಲಿ 14.1, ಬಲ್ಬಿನಲ್ಲಿ 13.7. ತಮ್ಮ ಎದುರು ನಿಂತಿದ್ದವನು ಕಣ್ಣಿಗೆ ಕೈ ಅಡ್ಡ ಹಿಡಿದ.

ಹಿಂದಿನ ಲ್ಯಾಂಪುಗಳಿಗೆ ಹೋಗುವ ಉದ್ದ ಕಟ್ಟನ್ನೂ ಹೇಗೂ ಬದಲಾಯಿಸಿಬಿಡು ಅಂತ ಕೆಲವರು ಹೇಳಿದರು. ಲೈಟ್ ಉರಿಸಿ ಅಳೆದು ನೋಡಿದೆ, ಅರ್ಧ ವೋಲ್ಟೂ ಬೀಳುತ್ತಿರಲಿಲ್ಲ. ಇಂಜಿನ್ನಿನ ಶಾಖ ತಾಗದ ಜಾಗ, ವೈರ್ ಇನ್ನೂ ಮೆತ್ತಗೆ ಬಗ್ಗುತ್ತದೆ, ತುದಿ ಸುಲಿದರೆ ತಾಮ್ರ ಹೊಳೆಯುತ್ತದೆ. ಚೆನ್ನಾಗಿರುವುದನ್ನು ಕೀಳಲು ನನಗೆ ಮನಸ್ಸಾಗಲಿಲ್ಲ. ಕಪ್ಲರ್‌ಗಳನ್ನು ಶುಚಿ ಮಾಡಿ, ಸಡಿಲವಾಗಿದ್ದ ಕ್ಲಿಪ್ಪುಗಳನ್ನು ಹೊಸದಾಗಿ ಹಾಕಿ, ಅದನ್ನು ಹಾಗೇ ಬಿಟ್ಟಿದ್ದೇನೆ.