ಕೊಳವೆ ಒಳಗೆ ನೋಡದೆ ಬರೆದ ಚೀಟಿ

ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಹಿಸ್ಟೋಪೆಥಾಲಜಿ (ದೇಹದ ತುಣುಕನ್ನು ತೆಳುವಾಗಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ವಿಭಾಗ) ಟೆಕ್ನಿಷಿಯನ್. ಸ್ಲೈಡ್ ಮಾಡುವುದು ನನ್ನ ಕೆಲಸ, ರೋಗ ಹೇಳುವುದಲ್ಲ. ಆದರೂ ಸೇರಿದ ಹೊಸತರಲ್ಲಿ ಒಂದು ಸ್ಲೈಡಿನ ಜೊತೆ ಚೀಟಿ ಇಟ್ಟೆ: 'ಕುತ್ತಿಗೆಯ ಲಿಂಫ್ ನೋಡ್. ಒಳಗೆ ಗ್ಲ್ಯಾಂಡ್ ಕಾಣುತ್ತಿದೆ. ಕ್ಯಾನ್ಸರ್ ಹರಡಿದೆಯೇ?' ಲಿಂಫ್ ನೋಡ್ ಅಂದರೆ ರೋಗನಿರೋಧಕ ಕಣಗಳು ಸೇರುವ ಗಂಟು. ಅದರೊಳಗೆ ಸಾಮಾನ್ಯವಾಗಿ ಗ್ಲ್ಯಾಂಡ್, ಅಂದರೆ ರಸ ಸುರಿಸುವ ಕೊಳವೆ, ಇರುವುದಿಲ್ಲ; ಕಂಡರೆ ಬೇರೆಡೆಯ ಕ್ಯಾನ್ಸರ್ ಹರಡಿದ ಅನುಮಾನ.

ರಿಪೋರ್ಟ್ ಬರೆಯುವ ಪೆಥಾಲಜಿಸ್ಟ್ ಮೇಡಂ ಚೀಟಿ ಓದಿ ನಕ್ಕು, ನನ್ನನ್ನೇ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. "ಆ ಕೊಳವಿ ಒಳಗ ಏನೈತಿ? ಮೊದಲ ಅದನ್ನ ಹೇಳ್ರಿ."

ನಾನು ನೋಡಿದ್ದು ಗೋಡೆಯನ್ನಷ್ಟೇ. ದುಂಡಗೆ ಉಬ್ಬಿದ ಕೋಶಗಳು ಸಾಲಾಗಿ ಕೂತಿದ್ದವು. ರಕ್ತನಾಳದ ಒಳಪದರ ಅಂದರೆ ಚಪ್ಪಟೆ ಕೋಶ ಅಂತ ಓದಿದ್ದೆ. ಇವು ಚಪ್ಪಟೆ ಇಲ್ಲ, ಹಾಗಾದರೆ ಗ್ಲ್ಯಾಂಡೇ ಅಲ್ವಾ? ಈಗ ಒಳಗೆ ನೋಡಿದೆ. ನಾಲ್ಕೈದು ಕೆಂಪು ರಕ್ತಕಣ! ಗೋಡೆಯ ಕೋಶಗಳ ಸಂದಿಯಲ್ಲಿ ಪುಟ್ಟ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಬೇರೆ ಸಿಕ್ಕಿಕೊಂಡಿದ್ದವು.

ಅದು ಗ್ಲ್ಯಾಂಡ್ ಅಲ್ಲ, ಹೈ ಎಂಡೋಥೀಲಿಯಲ್ ವೆನ್ಯೂಲ್ (ಒಳಪದರ ಎತ್ತರಕ್ಕೆ ಉಬ್ಬಿದ ಪುಟ್ಟ ಅಭಿಧಮನಿ), ನಮ್ಮ ಬಾಯಲ್ಲಿ ಎಚ್‌ಇವಿ. ನೋಡ್‌ನ ಒಳತಗ್ಗಿನಿಂದ, ಅಂದರೆ ಹೈಲಮ್‌ನಿಂದ, ಅಪಧಮನಿ ಒಳಬಂದು ಕವಲೊಡೆದು ಕ್ಯಾಪಿಲರಿ (ಲೋಮನಾಳ) ಆಗುತ್ತದೆ. ಕ್ಯಾಪಿಲರಿಗಳು ಕೂಡಿ ಪ್ಯಾರಾಕಾರ್ಟೆಕ್ಸ್‌ನಲ್ಲಿ, ಅಂದರೆ ನೋಡ್‌ನ ಹೊರ ಅಂಚಿಗೂ ನಡುಭಾಗಕ್ಕೂ ಮಧ್ಯದ ವಲಯದಲ್ಲಿ, ಈ ದಪ್ಪ ಗೋಡೆಯ ವೆನ್ಯೂಲ್ ಆಗುತ್ತವೆ. ರಕ್ತದಲ್ಲಿ ಹರಿದು ಬಂದ ಲಿಂಫೋಸೈಟ್ ನೋಡ್‌ನೊಳಗೆ ಇಳಿಯುವುದು ಇಲ್ಲೇ. 1964ರಲ್ಲಿ ಗೋವನ್ಸ್ ಮತ್ತು ನೈಟ್ ಎಂಬ ವಿಜ್ಞಾನಿಗಳು ಗುರುತು ಹಾಕಿದ ಲಿಂಫೋಸೈಟ್‌ಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಈ ದಾರಿಯನ್ನು ತೋರಿಸಿದರು. ಉಬ್ಬಿದ ಕೋಶಗಳ ಮೇಲಿನ ಸಕ್ಕರೆ ಅಂಶವನ್ನು ಲಿಂಫೋಸೈಟ್ ತನ್ನ ಮೈಮೇಲಿನ ಎಲ್-ಸೆಲೆಕ್ಟಿನ್ ಎಂಬ ಪ್ರೋಟೀನ್‌ನಿಂದ ಹಿಡಿದುಕೊಂಡು, ಉರುಳುತ್ತಾ ನಿಧಾನವಾಗಿ, ಕೊನೆಗೆ ಗೋಡೆ ದಾಟುತ್ತದೆ. ಗುಲ್ಮದಲ್ಲಿ (ಸ್ಪ್ಲೀನ್) ಇಂಥ ನಾಳವೇ ಇಲ್ಲ, ಟಾನ್ಸಿಲ್‌ನಲ್ಲಿ ಇದೆ.

ಸೋಂಕಿಗೆ ಊದಿದ ನೋಡ್‌ನಲ್ಲಿ ಇವು ಎದ್ದು ಕಾಣುತ್ತವೆ. ನನ್ನ 'ಕ್ಯಾನ್ಸರ್' ಅಂಥದ್ದೇ ಒಂದು ನೋಡ್. ರಿಪೋರ್ಟ್ 'ರಿಯಾಕ್ಟಿವ್', ಅಂದರೆ ಸೋಂಕಿನಂಥದ್ದಕ್ಕೆ ಊದಿದ್ದು, ಕ್ಯಾನ್ಸರ್ ಅಲ್ಲ, ಅಂತ ಹೋಯಿತು.

ಅರ್ಧ ತಪ್ಪು ನನ್ನ ಕಟ್ಟಿಂಗ್‌ನದೂ ಹೌದು. ಬ್ಲೇಡ್ ಹಳೆಯದು, ಕಟ್ ದಪ್ಪ ಬಂದಿತ್ತು. ದಪ್ಪ ಕಟ್‌ನಲ್ಲಿ ಗೋಡೆ ಯಾವುದು, ನುಸುಳುತ್ತಿರುವ ಕಣ ಯಾವುದು ತಿಳಿಯದೆ ಎಲ್ಲ ಒಂದರ ಮೇಲೊಂದು ಬೀಳುತ್ತದೆ. 4 ಮೈಕ್ರಾನ್‌ಗೆ ಇಳಿಸಿ, ಹೊಸ ಬ್ಲೇಡ್ ಹಾಕಿ ಮತ್ತೆ ಕತ್ತರಿಸಿದೆ. ನಾಳದ ತಳಪದರವನ್ನು ಗುಲಾಬಿಯಾಗಿ ತೋರಿಸುವ ಪಿಎಎಸ್ ಬಣ್ಣವನ್ನೂ ಹಾಕಿದೆ. ನಾಳದ ಸುತ್ತ ಗುಲಾಬಿ ಬಳೆ ಎಷ್ಟು ಚೆನ್ನಾಗಿ ಬಂತು ಅಂದರೆ, ಮೇಡಂ ಆ ಸ್ಲೈಡನ್ನು ಪಾಠಕ್ಕೆ ಅಂತ ಎತ್ತಿಟ್ಟುಕೊಂಡರು.

ಚೀಟಿ ಇಡುವುದನ್ನು ಬಿಟ್ಟಿಲ್ಲ. ಈಗ ಅದರಲ್ಲಿ 'ಕಟ್ ಸ್ವಲ್ಪ ದಪ್ಪ, ಬೇಕಾದರೆ ಮತ್ತೆ ಕೊಡುತ್ತೇನೆ' ಅಂತ ಇರುತ್ತದೆ.