ದೋಟಿ ಸೀಳಿತು

ಬೆಳಿಗ್ಗೆ ಅಡಿಕೆ ಕೊನೆ ಇಳಿಸೋ ಕೊನೆಗೌಡರು ದೋಟಿ, ಅಂದ್ರೆ ಕೊನೆ ಕೊಯ್ಯೋ ಉದ್ದ ಕೋಲು, ಎತ್ತಿದವರು ಹಾಗೇ ಇಳಿಸಿದರು. "ಭಟ್ರೇ, ಇದು ಚಟ್ ಚಟ್ ಅಂತಿದೆ ನೋಡಿ."

ಮೂರನೇ ತುಂಡಿನ ಬಾಯಲ್ಲಿ ಸಣ್ಣ ಸೀಳು. ಉಗುರು ಹಾಕಿದರೆ ಪದರ ಏಳುತ್ತೆ, ಈರುಳ್ಳಿ ಸಿಪ್ಪೆ ಹಾಗೆ. ಕಾರ್ಬನ್ ಫೈಬರ್ ದೋಟಿ. ತಗೊಂಡು ಒಂಬತ್ತು ತಿಂಗಳು, ವಾರಂಟಿ ಒಂದು ವರ್ಷ. ಕಂಪನಿಗೆ ಫೋಟೋ ಕಳಿಸಿದೆ, ಬಿಲ್ ಕಳಿಸಿದೆ. ಉತ್ತರ ಮಧ್ಯಾಹ್ನಕ್ಕೇ ಬಂತು: ತಯಾರಿಕೆ ದೋಷ ಅಲ್ಲ, ಮರಕ್ಕೆ ಬಡಿದದ್ದು. ಅಡಿಕೆ ದೋಟಿ ಮರಕ್ಕೆ ಬಡಿಯದೆ ಇನ್ನೆಲ್ಲಿಗೆ ಬಡಿಯಬೇಕು!

ಉತ್ತರಾಖಂಡದ ಔಲಿಗೆ ಸ್ಕೀಯಿಂಗ್‌ಗೆ ಹೋಗಿ ಬಂದ ಅಣ್ಣನ ಮಗ ಫೋನಲ್ಲಿ ನಕ್ಕ. ಹಿಮದ ಮೇಲೆ ಜಾರೋಕೆ ಕಾಲಿಗೆ ಕಟ್ಟೋ ಹಲಗೆ, ಆ ಸ್ಕೀ ಕಥೆಯೂ ಇದೇ ಅಂತೆ. ಒಳಗೆ ಮರದ ತಿರುಳು, ಮೇಲೆ ಕೆಳಗೆ ಫೈಬರ್ ಪದರ, ಎಲ್ಲ ಎಪಾಕ್ಸಿ ಅಂಟಿನಲ್ಲಿ ಒತ್ತಿದ್ದು, ಅಂಚಿಗೆ ಸ್ಟೀಲ್ ಪಟ್ಟಿ. ಹಿಮದಡಿಯ ಕಲ್ಲಿಗೆ ಅಂಚು ತಾಗಿ ಬಿರುಕು ಬಿಟ್ಟರೆ ನೀರು ಒಳಗೆ ಇಳಿಯುತ್ತೆ. ಅದು ಹೆಪ್ಪುಗಟ್ಟಿ ಹಿಗ್ಗಿದಾಗ ಪದರ ಇನ್ನಷ್ಟು ಬಿಡುತ್ತೆ. ಅಂಟು ತಾನಾಗೇ ಬಿಟ್ಟಿದ್ದರೆ ಸಾಮಾನ್ಯವಾಗಿ ಕಂಪನಿ ಬದಲಿಸಿ ಕೊಡುತ್ತೆ. ಕಲ್ಲಿನ ಗೀರು ಕಂಡಿತೋ, ಮುಗೀತು.

ನಿಯಮ ತಪ್ಪು ಅನ್ನಲ್ಲ. ಆದರೆ ಬಿಟ್ಟಿದ್ದೋ ಬಡಿದದ್ದೋ ಅಂತ ಹೇಳೋರು ಕಂಪನಿಯವರೇ ಅಲ್ವಾ? ಅಲ್ಲೇ ಸ್ವಲ್ಪ ಉರಿಯೋದು.

ಸದ್ಯ ಸೀಳಿಗೆ ಎಪಾಕ್ಸಿ ತುಂಬಿ ಬಟ್ಟೆ ಸುತ್ತಿ ಜಗಲಿಯಲ್ಲಿ ಮಲಗಿಸಿದ್ದೇನೆ. ಕೊನೆಗೌಡರು ಮಾತಾಡದೆ ಅಟ್ಟದಿಂದ ಹಳೆ ಬಿದಿರಿನ ದೋಟಿ ಇಳಿಸಿಕೊಂಡು ತೋಟಕ್ಕೆ ಹೋದರು.